ಅಪ್ಪನ ತುಟಿ, ಇನ್ನೊಬ್ಬರ ದನಿ

ನಮ್ಮ ಮನೆಯಲ್ಲಿ ಕುದುರೆಗೂ ನಮಗೂ ಒಂದೇ ಬಾಗಿಲಿತ್ತು. ಗೋಕಾಕದ ಹಳೇ ಪೇಟೆಯ ಹಿಂದಿನ ಓಣಿಯಲ್ಲಿದ್ದ ಆ ಮನೆಯ ಹೊಸ್ತಿಲು ದಾಟಿದರೆ ಎಡಗಡೆ ಕುದುರೆ ಕಟ್ಟುವ ತಗ್ಗು ಜಾಗ; ಬಲಗಡೆ ಎರಡು ಮೆಟ್ಟಿಲು ಹತ್ತಿದರೆ ನಾವು ಉಣ್ಣುವ, ಮಲಗುವ, ಜಗಳವಾಡುವ ಪಡಸಾಲೆ; ಅದರ ಬೆನ್ನಿಗೆ ಹೊಗೆ ಹಿಡಿದ ಅಡುಗೆಮನೆ. ನಮ್ಮ ಟಾಂಗಾದ ಹೆಣ್ಣು ಕುದುರೆಯ ಹೆಸರು ಸಕ್ರಿ. ನಾವು ಊಟಕ್ಕೆ ಕೂತಾಗ ಅದು ತಗ್ಗಿನಿಂದ ಕತ್ತು ಚಾಚಿ ಮೇಲಿನ ಮೆಟ್ಟಿಲಿಗೆ ಗದ್ದ ಊರಿ ನಿಲ್ಲುತ್ತಿತ್ತು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಮೊದಲ ರೊಟ್ಟಿಯ ಅಂಚು ಮುರಿದು ಸಕ್ರಿಯ ಬಾಯಿಗಿಟ್ಟ ಮೇಲೆಯೇ ನಮ್ಮ ತಾಟಿಗೆ ಪುಂಡಿಪಲ್ಲೆ ಬೀಳುತ್ತಿತ್ತು. ಮನೆಗೆ ಬಂದ ಗೆಳತಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಲದ್ದಿಯ ವಾಸನೆ ಇಲ್ಲದ ಕೋಣೆಯಲ್ಲಿ ನಿದ್ದೆ ಮಾಡುವುದನ್ನು ನಾನು ಕಲಿತದ್ದು ಮದುವೆಯಾದ ಮೇಲೆ.

ಅಪ್ಪನ ಹೆಸರು ಇಮಾಮಸಾಬ. ಬಸ್‌ಸ್ಟ್ಯಾಂಡಿನಿಂದ ಫಾಲ್ಸ್ ನೋಡಲು ಹೋಗುವವರನ್ನು ಟಾಂಗಾದಲ್ಲಿ ಕೂರಿಸಿಕೊಂಡು ಹೋಗಿ ಕರೆತರುವುದು ಅವನ ಕೆಲಸ. ಕುದುರೆಗಾಡಿ ಶರ್ಯತ್ತುಗಳಲ್ಲಿ ಗೆದ್ದ ತಾಮ್ರದ ಕೊಡಗಳು ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿದ್ದವು. ಅವ್ವ ಅವುಗಳಲ್ಲಿ ಶೇಂಗಾ ತುಂಬಿಡುತ್ತಿದ್ದಳು. ಆದರೆ ಊರಿನ ಹಿರಿಯರನ್ನು ಕೇಳಿದರೆ ಅವರು ಅಪ್ಪನ ಸವಾರಿಗಿಂತ ಮೊದಲು ಹೇಳುತ್ತಿದ್ದುದು ಅವನ ಮಾತನ್ನು. ಟಾಂಗಾ ಹತ್ತಿದ ಪರಊರಿನವರು ಇಳಿಯುವ ಹೊತ್ತಿಗೆ ಫಾಲ್ಸ್ ನೋಡುವುದನ್ನು ಮರೆತು ಇವನ ಕಥೆಯ ಕೊನೆ ಕೇಳಲು ನಿಂತುಬಿಡುತ್ತಿದ್ದರು. ಮೊಹರಮ್ ಬಂತೆಂದರೆ ಆಯಿಯ ತವರೂರು ಕುಲಗೋಡಕ್ಕೆ ನಾವೆಲ್ಲ ಹೋಗುತ್ತಿದ್ದೆವು. ಅಲ್ಲಿ ಹಬ್ಬಕ್ಕೆ ಕೂರಿಸಿದ ಪಂಜೆಗಳ ಮುಂದೆ ಅಪ್ಪ ಮತ್ತು ಅವನ ಜೊತೆಗಾರ ಬೀರಪ್ಪ ಕಾಕಾ ಎದುರುಬದುರು ನಿಂತು ಕರ್ಬಲದ ಕಾಳಗದ ಪದ ಹಾಡುತ್ತಿದ್ದರು. ಬೀರಪ್ಪ ಕಾಕಾ ಕುರಿ ಕಾಯುವ ಮನೆತನದವನು, ಹಣೆಗೆ ದೇವರ ಅರಿಶಿನ ಭಂಡಾರ ಹಚ್ಚಿದವನು. ಹಸೇನ್ ಹುಸೇನರ ದುಃಖ ಅವನಿಗೂ ಮನೆಯದೇ ಆಗಿತ್ತು. ಆ ಕಾಳಗದಲ್ಲಿ ನೀರಿಲ್ಲದೆ ಒದ್ದಾಡುವ ಕೂಸಿನ ಪದ ಅಪ್ಪ ತಾನೇ ಕಟ್ಟಿದ್ದ. ಅದನ್ನು ಅವನು ಎತ್ತಿಕೊಂಡರೆ ಕಬ್ಬಿನ ಗಾಡಿ ಹೊಡೆಯುವ ಗಟ್ಟಿ ಗಂಡಸರೂ ತಲೆಯ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಆಯಿಗೆ ಕನ್ನಡ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಯಮಕನಮರಡಿಯವಳಾದ ಅವ್ವ ತನ್ನ ಅಣ್ಣ ಬಂದಾಗ ಉರ್ದು ಬೆರೆಸಿ ಮಾತಾಡಿದರೆ ಆಯಿ ಮುಖ ತಿರುಗಿಸಿ ಸಕ್ರಿಯ ಜೊತೆ ಮಾತಿಗೆ ತೊಡಗುತ್ತಿದ್ದಳು.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಫಾಲ್ಸಿನಲ್ಲಿ ಶೂಟಿಂಗ್ ಮಾಡಲು ಬೆಂಗಳೂರಿನಿಂದ ಒಂದು ಟೀವಿ ಧಾರಾವಾಹಿಯ ತಂಡ ಬಂತು. ಬಿಳಿಯರ ವಿರುದ್ಧ ಬಂಡೆದ್ದ ಒಬ್ಬ ಸರದಾರನ ಕಥೆ ಅದು. ಸರದಾರನ ಪಾತ್ರದವನ ಬದಲಿಗೆ ಕುದುರೆ ಓಡಿಸಬೇಕಾದವನು ಬಂಡೆಗಲ್ಲಿನ ಇಳಿಜಾರಿನಲ್ಲಿ ಬಿದ್ದು ಕೈ ಮುರಿದುಕೊಂಡ. ತಂಡದವರನ್ನು ಟಾಂಗಾದಲ್ಲಿ ಹೊತ್ತು ತಂದಿದ್ದ ಅಪ್ಪ ಸಕ್ರಿಯನ್ನು ಬಿಚ್ಚಿ, ಜೀನು ಇಲ್ಲದ ಬೆನ್ನಿನ ಮೇಲೆ ಕೂತು, ಅದೇ ಇಳಿಜಾರನ್ನು ಎರಡು ಸಲ ಇಳಿದು ತೋರಿಸಿದ. ಒಂದು ವಾರದಲ್ಲಿ ಬೆಂಗಳೂರಿನಿಂದ ಕರೆ ಬಂತು. ಸರದಾರನ ಜೊತೆಗಾರನ ಪಾತ್ರ, ಬುಡನ್ ಎಂಬ ಹೆಸರು, ವಾರಕ್ಕೊಂದು ಕಂತು, ಕಥೆ ಮುಗಿಯುವ ತನಕ ಇರುತ್ತಾನೆ. ಅಪ್ಪ ಹೊರಟ ದಿನ ಅವ್ವ ಒಂದು ಡಬ್ಬಿ ಕರದಂಟು ಕಟ್ಟಿಕೊಟ್ಟಳು. ಆಯಿ ಅವನ ನೆತ್ತಿ ಮುಟ್ಟಿ ಹೇಳಿದಳು:

"ದನಿ ಕೆಡಿಸ್ಕೋಬ್ಯಾಡೋ. ಥಂಡಿ ನೀರ ಕುಡೀಬ್ಯಾಡ."

ಮೊದಲ ಸಲ ಅವನು ಮರಳಿ ಬಂದಾಗ ಪಡಸಾಲೆಯಲ್ಲಿ ಓಣಿಯೇ ಕೂತಿತ್ತು. ಅಪ್ಪ ಅಲ್ಲಿ ನಡೆದದ್ದನ್ನು ನಗುತ್ತ ಹೇಳಿದ. ಮೊದಲ ದಿನ ಕ್ಯಾಮೆರಾದ ಮುಂದೆ ಅವನು ತನ್ನ ಮಾತನ್ನು ತನ್ನ ರೀತಿಯಲ್ಲಿ ಹೇಳಿದನಂತೆ. ನಿರ್ದೇಶಕರು ತಡೆದು ಕೇಳಿದರಂತೆ:

"ಏನ್ರೀ ಇದು? ಇಷ್ಟು ಚೆನ್ನಾಗಿ ಮಾತಾಡಿದ್ರೆ ಜನ ನಿಮ್ಮನ್ನ ಸಾಬರು ಅಂತ ಹೇಗ್ರೀ ನಂಬ್ತಾರೆ?"

"ನಾ ಸಾಬನ ಅದೀನ್ರಿ," ಎಂದನಂತೆ ಅಪ್ಪ.

"ನೀವು ಹೌದ್ರೀ. ಬುಡನ್ ಆಗಬೇಕಲ್ಲ!"

ಬುಡನ್ ಹೇಗೆ ಮಾತಾಡಬೇಕೆಂದು ಅವರು ಬರೆದು ಕೊಟ್ಟಿದ್ದರು. ಅಪ್ಪ ಎದ್ದು ನಿಂತು, ಕತ್ತು ಕುಗ್ಗಿಸಿ, ಎರಡೂ ಕೈ ಎದೆಗೊತ್ತಿ ಮಾಡಿ ತೋರಿಸಿದ: "ನಮ್ದುಕೆ ಜಾನ್ ನಿಮ್ದುಕೆ ಐತೆ, ಒಡೆಯಾ!" ಪಡಸಾಲೆ ನಗೆಯಿಂದ ತುಂಬಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಗಡ್ಡ ಬೋಳಿಸುವ ಅಪ್ಪನಿಗೆ ಅವರು ಅಂಟಿನ ಗಡ್ಡ ಹಚ್ಚುತ್ತಿದ್ದರು, ಚೌಕಳಿ ಲುಂಗಿ ಉಡಿಸುತ್ತಿದ್ದರು. ಇಮಾಮಸಾಬ ಎಂಬುದು ಹಳ್ಳಿಯ ಹೆಸರಾಯಿತೆಂದು ಪರದೆಯ ಮೇಲೆ ಅಶ್ವರಾಜ್ ಎಂದು ಹಾಕುತ್ತಿದ್ದರು. ಅದಕ್ಕೂ ಎಲ್ಲರೂ ನಕ್ಕರು. ಆಯಿ ಮಾತ್ರ ನಗಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಅವರು ಯಾರಾದರೂ ಹಾಗೆ ಮಾತಾಡುವುದನ್ನು ಎಲ್ಲಿಯಾದರೂ ಕೇಳಿದ್ದಾರೇನು ಎಂದು ಕೇಳಿದಳು.

ಧಾರಾವಾಹಿ ಬಹಳ ಹೆಸರಾಯಿತು. ಭಾನುವಾರ ಬೆಳಿಗ್ಗೆ ಅದು ಬರುವ ಹೊತ್ತಿಗೆ ಪೇಟೆ ಬಿಕೋ ಅನ್ನುತ್ತಿತ್ತು. ಸರದಾರ ಬಿಳೀ ಕುದುರೆಯ ಮೇಲೆ ಮುಂದೆ, ಬುಡನ್ ಕಂದು ಕುದುರೆಯ ಮೇಲೆ ಎರಡು ಮಾರು ಹಿಂದೆ. ನಮ್ಮ ಮನೆಗೂ ಟೀವಿ ಬಂತು. ಬೆಳಗಾವಿಯಿಂದ ತಂದ ಆ ಪೆಟ್ಟಿಗೆಯನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟು ಅವ್ವ ತನ್ನ ಮದುವೆಯ ಹಸಿರು ದುಪಟ್ಟಾ ಹೊದಿಸಿದಳು. ನಾನು ಶಾಲೆಗೆ ಹೋದರೆ ಹುಡುಗರು ಎದೆಗೆ ಕೈ ಒತ್ತಿ, ಕತ್ತು ಕುಗ್ಗಿಸಿ, "ನಮ್ದುಕೆ ಜಾನ್" ಎನ್ನುತ್ತಿದ್ದರು. ಮೊದಮೊದಲು ಅದು ನನ್ನ ಅಪ್ಪನ ಕೀರ್ತಿ ಎಂದು ಹಿಗ್ಗಿದೆ. ಅಣಕವೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ತರಗತಿಯಲ್ಲಿ ಎದ್ದು ನಿಂತು ಪದ್ಯ ಓದಿದಾಗ ಹಿಂದಿನ ಬೆಂಚಿನಿಂದ ಯಾರೋ "ನಿಮ್ದುಕೆ ಪದ್ಯ ಬರ್ತೈತೆ?" ಎಂದರು. ನನಗಿಂತ ಚೆನ್ನಾಗಿ ಓದುವವರು ಆ ತರಗತಿಯಲ್ಲಿ ಇರಲಿಲ್ಲ. ಆದರೂ ಅವರ ಕಿವಿಗೆ ನನ್ನ ಓದು ಬೀಳುತ್ತಿರಲಿಲ್ಲ, ಬುಡನ್ ಬೀಳುತ್ತಿದ್ದ. ಅಂದಿನಿಂದ ನಾನು ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿ ಓದಿ ನೋಡುವ ರೂಢಿ ಮಾಡಿಕೊಂಡೆ. ಮೂಡಲಗಿಯ ಶಾಲೆಯಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದ ಮೇಲೂ ಅದು ಹೋಗಿಲ್ಲ. "ಎಷ್ಟ ಛಲೋ ಕನ್ನಡ ಮಾತಾಡ್ತೀರಿ, ಟೀಚರ್," ಎಂದು ಪಾಲಕರು ಹೊಗಳುತ್ತಾರೆ. ನಾನು ಉಪಕಾರವಾಯಿತು ಎನ್ನುತ್ತೇನೆ. ಗಂಡನ ಜೊತೆ ಜಗಳವಾಡುವಾಗಲೂ ನನ್ನ ವ್ಯಾಕರಣ ತಪ್ಪುವುದಿಲ್ಲ. ಅದು ಜಾಣತನವಲ್ಲ, ಅಂಜಿಕೆ. ಅಂಜಿಕೆಯ ಮಾತಿನಲ್ಲಿ ಹಾಡು ಹುಟ್ಟುವುದಿಲ್ಲವೆಂದು ನನಗೆ ಗೊತ್ತಿದೆ.

ಅಪ್ಪ ಸುಮ್ಮನೆ ಇರಲಿಲ್ಲ, ಅದನ್ನು ಹೇಳಬೇಕು. ಪ್ರತಿ ಸಲ ಬೆಂಗಳೂರಿಗೆ ಹೋದಾಗ ಅವನು ಬರೆಯುವವರ ಬೆನ್ನು ಬೀಳುತ್ತಿದ್ದ. ಒಂದೇ ಒಂದು ದೃಶ್ಯ ಕೊಡಿ, ಬುಡನ್ ತನ್ನ ಮಾತು ತಾನು ಆಡಲಿ ಎಂದು. ಮೂರನೇ ವರ್ಷ ಒಪ್ಪಿದರು. ಬುಡನ್‌ನನ್ನು ಬಿಳಿಯರ ಸಿಪಾಯಿಗಳು ಹಿಡಿದು ಕಂಬಕ್ಕೆ ಕಟ್ಟಿ, ಸರದಾರನ ಅಡಗುದಾಣ ಕೇಳುತ್ತಾರೆ. ಅವನು ಹೇಳುವುದಿಲ್ಲ, ಯಾಕೆ ಹೇಳುವುದಿಲ್ಲ ಎನ್ನುವುದನ್ನು ಹೇಳುತ್ತಾನೆ. ಆ ಮಾತನ್ನು ನೀವೇ ಬರೆದುಕೊಳ್ಳಿ ಅಂದರಂತೆ. ಅಪ್ಪ ಊರಿಗೆ ಬಂದು ನಾಲ್ಕು ದಿನ ಕುದುರೆಯ ತಗ್ಗಿನಲ್ಲಿ ನಿಂತು ಅದನ್ನು ಕಟ್ಟಿದ. ಸಕ್ರಿಯ ಮೈ ಉಜ್ಜುತ್ತ ಒಂದು ಸಾಲು, ಹುಲ್ಲು ಹಾಕುತ್ತ ಒಂದು ಸಾಲು. ನಾನು ಮೆಟ್ಟಿಲ ಮೇಲೆ ಕೂತು ಬರೆದುಕೊಂಡೆ. ಐದನೇ ದಿನ ಬೀರಪ್ಪ ಕಾಕಾನನ್ನು ಕುಲಗೋಡದಿಂದ ಕರೆಸಿ ಎಲ್ಲರ ಮುಂದೆ ಹೇಳಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದನಿ ಏರಿಸದೆ:

"ನನ್ನ ಹೆಸರ ಬುಡನಸಾಬ. ಈ ನೆಲದಾಗ ನಮ್ಮಪ್ಪನ್ನ ಹುಗದೇನಿ. ನಮ್ಮಪ್ಪ ಅವರಪ್ಪನ್ನ ಹುಗದಾನ. ಯಾರ ಆಳಪಾ ನೀ ಅಂತ ಕೇಳ್ತೀರಿ. ಯಾರ ಆಳೂ ಅಲ್ಲ. ಅಂವಾ ನಾನೂ ಒಂದ ಬಾಂವ್ಯಾಗ ಈಸ ಕಲ್ತವ್ರು. ನನ್ನ ಕೊಂದ್ರ ಅಂವಾ ಒಡಿಯಾ ಆಗಿ ಅಳೂದಿಲ್ಲ, ಗೆಳ್ಯಾ ಆಗಿ ಅಳ್ತಾನ. ಅದನ್ನ ನೀವು ಯಾವ ತೋಫಿನಿಂದ ಹೊಡೀತೀರಿ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೀರಪ್ಪ ಕಾಕಾ ಭಂಡಾರದ ಚೀಲ ಬಿಚ್ಚಿ ಅಪ್ಪನ ಹಣೆಗೆ ಒಂದು ಬೊಟ್ಟು ಇಟ್ಟ. ಅವ್ವ ಬೈಯುತ್ತಾಳೆಂದು ನಾನು ಅವಳ ಕಡೆ ನೋಡಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಬಾಲ್ಯದಲ್ಲಿ ನಮ್ಮ ಮನೆ ಪೂರ್ತಿ ಸುಖವಾಗಿದ್ದ ದಿನ ಯಾವುದೆಂದು ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ಆಯಿ ಎಲ್ಲರಿಗೂ ತುಪ್ಪ ಹಾಕಿ ಮಾದಲಿ ಬಡಿಸಿದಳು.

ಆ ಕಂತು ಬರುವ ಭಾನುವಾರ ಅಪ್ಪ ರಜೆ ಕೇಳಿ ಊರಿಗೇ ಬಂದಿದ್ದ. ಕುಲಗೋಡದಿಂದ ಒಂದು ಟ್ರ್ಯಾಕ್ಟರು ತುಂಬ ಜನ ಬಂದರು. ಗಂಡಸರು ಕುದುರೆಯ ತಗ್ಗಿನಲ್ಲಿ ನಿಂತರು, ಹೆಂಗಸರು ಪಡಸಾಲೆಯಲ್ಲಿ. ಆಯಿಯನ್ನು ಟೀವಿಯ ಮುಂದೆಯೇ ಕೂರಿಸಿದೆವು. ದೃಶ್ಯ ಬಂತು. ಕಂಬಕ್ಕೆ ಕಟ್ಟಿದ ಅಪ್ಪ ತಲೆ ಎತ್ತಿದ. ತುಟಿಗಳು ಅಲುಗಿದವು. ಬಂದದ್ದು ಬೇರೆ ದನಿ. ಮೂಗಿನಿಂದ ಬರುವ, ಕೀರಲು, ಅಪರಿಚಿತ ದನಿ.

"ನಮ್ದುಕೆ ಹೆಸರು ಬುಡನ್ ಐತೆ. ನಾನು ಒಡೆಯಂದು ಗುಲಾಮ್ ಐತೆ. ಗುಲಾಮ್ ಬಾಯಿ ಬಿಡಾಕಿಲ್ಲ…"

ತುಟಿ ಮುಂದೆ ಹೋಗುತ್ತಿತ್ತು, ದನಿ ಹಿಂದೆ ಬೀಳುತ್ತಿತ್ತು. ಆ ಮಾತುಗಳನ್ನು ಬರೆದುಕೊಂಡವಳು ನಾನು. ತುಟಿ ನೋಡಿ ನನಗೆ ತಿಳಿಯುತ್ತಿತ್ತು, ಈಗ ಬಾವಿ ಅಂದ, ಈಗ ಗೆಳ್ಯಾ ಅಂದ ಎಂದು. ಆ ಗೆಳ್ಯಾ ಎಂಬಲ್ಲಿ ಕೇಳಿದ್ದು ಮಾಲಿಕ್ ಎಂಬ ಮಾತು. ಹಿನ್ನೆಲೆಗೆ ನಗು ಬರಿಸುವ ಒಂದು ಪೀಪಿಯ ಸದ್ದು ಸೇರಿಸಿದ್ದರು. ಪಡಸಾಲೆಯಲ್ಲಿ ಒಂದು ಕೂಸು ನಕ್ಕಿತು, ಅದರ ತಾಯಿ ಅದರ ಬಾಯಿ ಮುಚ್ಚಿದಳು. ಆಯಿ ಎದ್ದು ಟೀವಿಯ ಹತ್ತಿರ ಹೋಗಿ, ಗಾಜಿನ ಮೇಲೆ ಅಪ್ಪನ ಬಾಯಿ ಇದ್ದಲ್ಲಿ ಬೆರಳಿಟ್ಟಳು.

"ಬಾಯಿ ನನ್ನ ಮಗಂದ ಐತಿ. ಇದರಾಗಿನ ನಾಲಿಗಿ ಯಾರದೋ?"

ಅಪ್ಪ ತಗ್ಗಿನಲ್ಲಿ ಸಕ್ರಿಯ ಪಕ್ಕ ನಿಂತಿದ್ದ. ಎಲ್ಲರೂ ತಿರುಗಿ ಅವನನ್ನು ನೋಡಿದರು. ಅವನು ಗಂಟಲು ಸರಿ ಮಾಡಿಕೊಂಡ.

"ಆವತ್ತ ನನ್ನ ಗಂಟಲಾ ಕೆಟ್ಟಿತ್ತು. ಬ್ಯಾರೇದವ್ರ ಕಡಿಂದ ಹೇಳಿಸ್ಯಾರ," ಎಂದ.

ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಕುಲಗೋಡದವರು ಚಹಾ ಕೂಡ ಕುಡಿಯದೆ ಟ್ರ್ಯಾಕ್ಟರು ಹತ್ತಿದರು. ಬೀರಪ್ಪ ಕಾಕಾ ಮಾತ್ರ ಉಳಿದ. ಊಟಕ್ಕೆ ಕೂತಾಗ ಅವನು ತಾಟು ಮುಟ್ಟದೆ ಹೇಳಿದ:

"ಇಮಾಮಾ, ಇನ್ನ ಹೋಗಬ್ಯಾಡ. ಸಾಕು."

"ಬಿಟ್ಟ ಬಂದು ಏನ ಮಾಡಲಿ?"

"ಟಾಂಗಾ ಹೊಡಿ."

ಅಡುಗೆಮನೆಯಿಂದ ಅವ್ವ ಹೊರಬಂದಳು. "ಟಾಂಗಾ ಯಾರ ಹತ್ತತಾರ್ರಿ ಈಗ? ಸ್ಟ್ಯಾಂಡಿಗಿ ಹೋಗಿ ನೋಡ್ರಿ, ಟಮ್‌ಟಮ್ ಆಟೋ ನಿಲ್ಲಾಕ ಜಾಗಾ ಇಲ್ಲ. ಕುದರಿ ಏನ ತಿಂತೈತಿ, ಮಗಳ ಏನ ತಿಂತಾಳ? ಹಾಡ ಕೇಳಿ ಅಳಾಕ ನೀವೆಲ್ಲಾ ಬರ್ತೀರಿ. ಒಲಿ ಮುಂದ ಕುಂಡ್ರಾಕಿ ನಾನು."

"ತಂಗಿ, ಮರ್ಯಾದಿ ಅನ್ನೂದೊಂದ ಐತಿ."

"ನನ್ನ ಗಂಡನ ಮರ್ಯಾದಿ ನನಗ ಗೊತ್ತೈತ್ರಿ."

ಅಪ್ಪ ಇಬ್ಬರ ನಡುವೆ ಕೂತು ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದ. ಕೊನೆಗೆ ಹೇಳಿದ, "ನಾ ಬಿಟ್ರ ಆ ಗಡ್ಡಾ ಮತ್ತೊಬ್ಬನ ಮಾರಿಗಿ ಹಚ್ಚತಾರ, ಬೀರಪ್ಪಾ. ನಾ ಅಲ್ಲಿದ್ರ ಒಂದ ಮಾತರ ತಿದ್ದಬಹುದು." ಅವನು ಹಾಗೆಂದು ನಂಬಿದ್ದನೋ, ನಮ್ಮ ಮುಂದೆ ಹೇಳಿಕೊಂಡನೋ ನನಗೆ ಇಂದಿಗೂ ಗೊತ್ತಿಲ್ಲ. ಅವ್ವ ಹೇಳಿದ್ದೂ ಖರೆ, ಕಾಕಾ ಹೇಳಿದ್ದೂ ಖರೆ. ಬುಧವಾರ ಅಪ್ಪ ಬೆಂಗಳೂರಿನ ಬಸ್ಸು ಹತ್ತಿದ. ಮುಂದೆ ಒಂದೂವರೆ ವರ್ಷ ಅವನು ಬುಡನ್ ಆಗಿದ್ದ. ಒಂದು ಮಾತೂ ತಿದ್ದಲಾಗಲಿಲ್ಲ.

ಅವನು ಇಲ್ಲದ ಆ ಅವಧಿಯಲ್ಲಿ ಸಕ್ರಿಯ ಮುಂಗಾಲು ಬಾತಿತು. ಆಯಿಗೆ ನೀರು ಹೊರಲಾಗುತ್ತಿರಲಿಲ್ಲ, ಅವ್ವನಿಗೆ ಕುದುರೆಯೆಂದರೆ ಮೊದಲಿನಿಂದಲೂ ಹೆದರಿಕೆ. ಯಮಕನಮರಡಿಯ ಸೋದರಮಾವ ಲಾರಿ ತಂದು ಅದನ್ನು ಹತ್ತಿಸಿಕೊಂಡು ಹೋಗಿ ಹುಕ್ಕೇರಿ ಕಡೆಯ ಇಟ್ಟಿಗೆ ಭಟ್ಟಿಯವರಿಗೆ ಕೊಟ್ಟ. ಅಪ್ಪನಿಗೆ ಫೋನಿನಲ್ಲಿ ತಿಳಿಸಿದವಳು ನಾನು. ಅವನು ಕೇಳಿದ್ದು ಒಂದೇ, ಲಾರಿ ಹತ್ತುವಾಗ ಹೆದರಿತೇನು ಎಂದು. ಇಲ್ಲ ಎಂದೆ. ಹೆದರಿತ್ತು. ಹಲಗೆಯ ಮೇಲೆ ಕಾಲಿಡದೆ ಒದ್ದಾಡಿ ಬಾಗಿಲಿನ ಚೌಕಟ್ಟು ಮುರಿದಿತ್ತು.

ಧಾರಾವಾಹಿ ಮುಗಿದ ಮೇಲೆ ಅಪ್ಪ ಎಂಟು ತಿಂಗಳು ಬೆಂಗಳೂರಿನಲ್ಲೇ ಬೇರೆ ಪಾತ್ರಕ್ಕಾಗಿ ಅಲೆದ. ಕಟುಕನ ಪಾತ್ರ ಬಂತು, ಮಾಡಿದ. ಬಾಗಿಲು ಕಾಯುವವನ ಪಾತ್ರ ಬಂತು, ಅದನ್ನೂ ಮಾಡಿದ. ಮೂರನೆಯದು ಬಾಂಬು ಇಡುವವನದು. ಅದನ್ನು ಒಲ್ಲೆನೆಂದು ಚೀಲ ಹಿಡಿದು ಮನೆಗೆ ಬಂದ. ಬಂದ ತಿಂಗಳಲ್ಲೇ ಕುದುರೆಯ ತಗ್ಗನ್ನು ಸಾರಿಸಿ, ಸುಣ್ಣ ಬಳಿದು, ಓಣಿಯ ತರುಣರಿಗೆ ನಟನೆ ಕಲಿಸತೊಡಗಿದ. ಏಳೆಂಟು ಜನ ಬರುತ್ತಿದ್ದರು; ನಮ್ಮವರೂ ಇದ್ದರು, ಕುರುಬರ ಮನೆಯವರೂ ಇದ್ದರು. ಉಸಿರು ಎಲ್ಲಿ ಹಿಡಿಯಬೇಕು, ಕೋಪದ ಮಾತನ್ನು ಮೆಲ್ಲಗೆ ಹೇಳುವುದು ಹೇಗೆ, ಇದನ್ನೆಲ್ಲ ಅವನು ಹೇಳಿಕೊಡುವಾಗ ಅಡುಗೆಮನೆಯಲ್ಲಿ ಅವ್ವನೂ ಕೈಕೆಲಸ ಬಿಟ್ಟು ಕೇಳುತ್ತಿದ್ದಳು. ಇಬ್ಬರನ್ನು ತಯಾರು ಮಾಡಿ ತನ್ನ ಚೀಟಿ ಕೊಟ್ಟು ಬೆಂಗಳೂರಿಗೆ ಕಳಿಸಿದ. ನಾಲ್ಕು ದಿನಕ್ಕೆ ಅವರು ತಿರುಗಿ ಬಂದರು. ಅವರಲ್ಲಿ ಹಿರಿಯನಾದ ದಾವಲ ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತ ಹೇಳಿದ:

"ನಮ್ಮ ಮಾತ ಕೇಳಲೇ ಇಲ್ರಿ ಕಾಕಾ. ಬುಡನ್ ಮಾಡಿ ತೋರ್ಸು ಅಂದ್ರು. ನಿಮಗಿಂತ ಛಲೋ ಮಾಡಿದ್ರ ತಗೋತೇವಿ ಅಂದ್ರು."

ಮರುದಿನದಿಂದ ಯಾರೂ ಬರಲಿಲ್ಲ. ಅಪ್ಪ ಸುಣ್ಣ ಬಳಿದ ಆ ತಗ್ಗಿನಲ್ಲಿ ಒಂದು ಚಾಪೆ ಹಾಸಿಕೊಂಡು ಹಗಲೆಲ್ಲ ಮಲಗತೊಡಗಿದ.

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್‌ಗೆ ಅವನನ್ನು ಮುಖ್ಯ ಅತಿಥಿಯಾಗಿ ಕರೆದರು. ಅಪ್ಪನಿಗೆ ಜೀವ ಬಂದಂತಾಯಿತು. ಅವ್ವ ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಹಳದಿ ರುಮಾಲು. ಅವನು ಕಂಬಕ್ಕೆ ಕಟ್ಟಿದ ಬುಡನ್‌ನ ಆ ಮಾತನ್ನು ತಾನು ಬರೆದಂತೆಯೇ ಹೇಳುತ್ತೇನೆಂದು ವಾರವಿಡೀ ತಾಲೀಮು ಮಾಡಿದ. ಮಧ್ಯಾಹ್ನದ ಬಿಸಿಲಲ್ಲಿ ಮಂಟಪದ ಕೆಳಗೆ ಶಾಲೆಯ ಮಕ್ಕಳು, ಅವರ ಅಪ್ಪ ಅವ್ವಂದಿರು. ಅಪ್ಪ ಮೈಕಿನ ಮುಂದೆ ನಿಂತು, ಕೈ ಬೆನ್ನ ಹಿಂದೆ ಕಟ್ಟಿ, "ನನ್ನ ಹೆಸರ ಬುಡನಸಾಬ" ಎಂದ. ಎಲ್ಲರೂ ನಗಲು ಕಾದಿದ್ದರು. ನಗುವಂಥದ್ದು ಬರಲಿಲ್ಲ. ಎರಡನೇ ಸಾಲಿಗೆ ಹಿಂದಿನಿಂದ ಒಬ್ಬ ಕೂಗಿದ, "ನಮ್ದುಕೆ ಹೇಳ್ರಿ!" ಇನ್ನೊಬ್ಬ, ಮತ್ತೊಬ್ಬ. ಅಪ್ಪ ನಿಲ್ಲಿಸಲಿಲ್ಲ, ದನಿ ಎತ್ತರಿಸಿದ. ಬಾವಿಯ ಮಾತಿನ ತನಕ ಬಂದ. ಅಷ್ಟರಲ್ಲಿ ಮಕ್ಕಳೆಲ್ಲ ತಾಳ ಹಾಕಿ ಒಂದೇ ಸಮನೆ ಕೂಗತೊಡಗಿದರು, ಮೈಕಿನಲ್ಲೂ ಅವನ ಮಾತು ಕೇಳದಾಯಿತು. ಗುರುಗಳೊಬ್ಬರು ಹತ್ತಿರ ಬಂದು ಕಿವಿಯಲ್ಲಿ ಪ್ರೀತಿಯಿಂದಲೇ ಏನೋ ಹೇಳಿದರು. ಅಪ್ಪ ಒಂದು ಕ್ಷಣ ನನ್ನ ಕಡೆ ನೋಡಿದ. ನಾನು ಹಾರದ ತಾಟು ಹಿಡಿದು ವೇದಿಕೆಯ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಕತ್ತು ಕುಗ್ಗಿಸಿದ. ಎರಡೂ ಕೈ ಎದೆಗೊತ್ತಿದ. ಹೇಳಿದ. ಅಂಥ ಚಪ್ಪಾಳೆ ಆ ಶಾಲೆಯಲ್ಲಿ ನಾನು ಮತ್ತೆ ಕೇಳಲಿಲ್ಲ. ಅವರು ಇನ್ನೊಮ್ಮೆ ಅಂದರು, ಅವನು ಇನ್ನೊಮ್ಮೆ ಹೇಳಿದ.

ಮನೆಗೆ ನಡೆದು ಬರುವಾಗ ಅವನು ನನ್ನ ಕೈ ಹಿಡಿಯಲು ಬಂದ. ನಾನು ಕೊಡಲಿಲ್ಲ.

"ನಗಾಕಂತ ಬಂದಿದ್ರವ್ವ. ನಗಿಸಿದ್ನಿ," ಎಂದ.

ಅದಾಗಿ ಎರಡು ವಾರಕ್ಕೆ ನಾನು ಪಡಸಾಲೆಯಲ್ಲಿ ಕೂತು ನಿಬಂಧ ಬರೆಯುತ್ತಿದ್ದೆ. ಅಪ್ಪ ಮೊದಲಿನಂತೆ ಹಿಂದಿನಿಂದ ಬಗ್ಗಿ ಓದಿ, ಈ ಸಾಲು ಉದ್ದವಾಯಿತು, ಓದುವವರ ಉಸಿರು ಹಿಡಿಯುತ್ತದೆ, ಇಲ್ಲಿ ಮುರಿ ಎಂದು ಬೆರಳಿಟ್ಟು ತೋರಿಸಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನನ್ನೊಳಗೆ ವರ್ಷಗಳಿಂದ ಕೂತದ್ದು ಎದ್ದು ಬಂತು. ತಲೆ ಎತ್ತದೆ, ಬುಡನ್‌ನ ದನಿ ತೆಗೆದು ಹೇಳಿದೆ:

"ನಿಮ್ದುಕೆ ಕನ್ನಡ ಬರ್ತೈತೆ?"

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಏನೋ ಬಿತ್ತು. ಹೊಡೆಯುತ್ತಾನೆಂದು ನಾನು ಹೆಗಲು ಬಿಗಿ ಹಿಡಿದು ಕೂತೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಪ್ಪ ಹಾಳೆಯ ಮೇಲಿನ ಬೆರಳನ್ನು ನಿಧಾನವಾಗಿ ತೆಗೆದ.

"ಬರತಿತ್ತವ್ವ," ಎಂದ.

ಮೆಟ್ಟಿಲಿಳಿದು ಹೋಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ನಾನು ತಪ್ಪಾಯಿತು ಎನ್ನಲಿಲ್ಲ. ಮರುದಿನ ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೇಳಲಿಲ್ಲ. ಅವನು ಇನ್ನೂ ಇಪ್ಪತ್ತು ವರ್ಷ ಬದುಕಿದ. ಅಷ್ಟು ವರ್ಷ ನಾನು ಹೇಳಲೇ ಇಲ್ಲ. ಅವನು ಮತ್ತೆಂದೂ ನನ್ನ ಬರಹ ಓದಲಿಲ್ಲ.

ಆ ಸಲ ಮೊಹರಮ್‌ಗೆ ಕರೆಯಲು ಬೀರಪ್ಪ ಕಾಕಾ ತಾನೇ ಬಂದ. ಅಪ್ಪ ಮೇಲೆ ಏಳಲಿಲ್ಲ. ಕಾಕಾ ಚಾಪೆಯ ಪಕ್ಕ ನೆಲದ ಮೇಲೆ ಕೂತು, ಕೂಸಿನ ಪದದ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಂಡ. ಎರಡನೇ ಸಾಲು ಯಾವಾಗಲೂ ಅಪ್ಪನದು. ಕಾಕಾ ನಿಲ್ಲಿಸಿ ಕಾದ. ಮತ್ತೆ ಮೊದಲ ಸಾಲು ಹಾಡಿ ಮತ್ತೆ ಕಾದ. ಮೂರನೇ ಸಲಕ್ಕೆ ಅಪ್ಪ ಕೈ ಅಡ್ಡ ಹಿಡಿದ.

"ಬ್ಯಾಡ, ಬೀರಪ್ಪಾ. ಬಾಯಿ ತೆರದ್ರ ಅದ ಬರ್ತೈತಿ ಅಂತ ಅಂಜಿಕಿ ಆಗ್ತೈತಿ. ಅಲ್ಲಿ, ಆ ಪಂಜೆದ ಮುಂದ, ಅದ ಬಂದ್ರ ಹೆಂಗೋ?"

ಕಾಕಾನ ಜೊತೆ ಆಯಿ ಹೊರಟಳು. ಹಬ್ಬ ಮುಗಿದ ಮೇಲೂ ಬರಲಿಲ್ಲ. ಅವ್ವ ಬಸ್ಸಿನಲ್ಲಿ ಹೋಗಿ ಕರೆದಳು. ಹಾಡು ನಿಂತ ಮನೆಯಲ್ಲಿ ತನಗೆ ಉಸಿರು ಕಟ್ಟುತ್ತದೆ ಎಂದು ಆಯಿ ತಂಗಿಯ ಮನೆಯಲ್ಲೇ ಉಳಿದುಬಿಟ್ಟಳು. ನಮ್ಮ ಮನೆಯಲ್ಲಿ ಮೂರು ತಾಟು ಉಳಿದವು. ಊಟದ ಹೊತ್ತಿಗೆ ಉಪ್ಪು ಕೊಡು, ನೀರು ಕೊಡು ಎಂಬಷ್ಟೇ ಮಾತು. ಅಪ್ಪ ಅದನ್ನೂ ಕೈಯಿಂದ ತೋರಿಸಿ ಕೇಳುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಜನಗಣತಿ ಬಂತು. ನಮ್ಮ ಓಣಿಗೆ ಬಂದವರು ಅರಭಾವಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಒಬ್ಬ ಮಾಸ್ತರರು, ಬೆವರಿದ್ದ ಮುದುಕರು. ಅವ್ವ ಮೆಟ್ಟಿಲ ಮೇಲೆ ಕಂಬಳಿ ಹಾಸಿ ಕೂರಿಸಿದಳು, ನಾನು ನೀರು ಕೊಟ್ಟೆ. ಅಪ್ಪ ಚಾಪೆಯಿಂದ ಎದ್ದು ಕೂತ. ಹೆಸರು ಕೇಳಿದರು, ವಯಸ್ಸು ಕೇಳಿದರು. ಉದ್ಯೋಗ ಎಂದಾಗ ಅಪ್ಪ ಅವ್ವನ ಕಡೆ ನೋಡಿದ. ಅವ್ವ "ಸದ್ಯ ಏನೂ ಇಲ್ರಿ" ಎಂದಳು. ಮಾಸ್ತರರು ಅವನ ಮುಖ ನೋಡಿದರು. ಗುರುತು ಹತ್ತಿದ್ದು ಅವರ ಕಣ್ಣಿನಲ್ಲಿ ಕಂಡಿತು, ಆದರೆ ಒಳ್ಳೆಯ ಮನುಷ್ಯ, ಏನೂ ಅನ್ನಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಮುಂದಿನ ಕಾಲಮ್ಮಿಗೆ ಬಂದರು.

"ಮಾತೃಭಾಷೆ ಏನಂತ ಬರೀಲಿ, ಇಮಾಮಸಾಬ್ರ?"

ಅವ್ವ ಅಪ್ಪನನ್ನು ನೋಡಿದಳು. ಅದು ಅವನಿಗೆ ಕೇಳಿದ ಪ್ರಶ್ನೆ. ಅವನೇ ಹೇಳಲಿ ಎಂದು ನಾನೂ ಕಾದೆ. ಹೇಳು ಎಂದು ಒಳಗೊಳಗೇ ಬೇಡಿಕೊಂಡೆ. ಅಪ್ಪ ಚಾಪೆಯ ಅಂಚಿನ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ನಿಮಗ ಹೆಂಗ ಕೇಳಸ್ತೈತಿ, ಹಂಗ ಬರಕೋರಿ," ಎಂದ.

ಮಾಸ್ತರರು ಪೆನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಬರೆದರು. ಕನ್ನಡವೋ ಉರ್ದುವೋ, ಸಣ್ಣ ಶಬ್ದ, ಬರೆಯಲು ಹೊತ್ತು ಹಿಡಿಯಲಿಲ್ಲ. ಏನು ಬರೆದಿರೆಂದು ಅಪ್ಪ ಕೇಳಲಿಲ್ಲ. ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದರೆ ಓದಬಹುದಿತ್ತು. ಹೋಗಲಿಲ್ಲ.